ಯಾರೂ ನೋಡದ ಚಿತ್ರ

ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ಇದ್ದದ್ದು ಒಂದೇ ಕೊಠಡಿ, ಒಬ್ಬರೇ ಮೇಷ್ಟರು. ನಾಲ್ಕು ತರಗತಿಗಳು ನಾಲ್ಕು ಗೋಡೆಗಳ ಬದಿಯಲ್ಲಿ ಕುಳಿತಿರುತ್ತಿದ್ದವು. ಮೇಷ್ಟರು ಒಂದನೆಯವರಿಗೆ ಅಕ್ಷರ ತಿದ್ದಲು ಕೊಟ್ಟು, ಎರಡನೆಯವರಿಂದ ಮಗ್ಗಿ ಒಪ್ಪಿಸಿಕೊಂಡು, ಮೂರನೆಯವರ ಲೆಕ್ಕ ನೋಡಿ, ನಾಲ್ಕನೆಯವರಿಗೆ ಪದ್ಯದ ಅರ್ಥ ಹೇಳುವಷ್ಟರಲ್ಲಿ ಒಂದನೆಯವರ ಸ್ಲೇಟು ತುಂಬಿರುತ್ತಿತ್ತು. ಹೀಗೆ ಸುತ್ತುವ ಒಬ್ಬ ಮೇಷ್ಟರು ನಾಲ್ಕೂ ತರಗತಿಗಳಿಗೆ ತಮ್ಮವರೇ ಎನ್ನಿಸುತ್ತಿದ್ದರು. ಆದರೆ ನಮ್ಮಲ್ಲಿ ಒಬ್ಬ ಹುಡುಗನಿದ್ದ. ಬರೆದು ಮುಗಿಸಿದೊಡನೆ “ಸಾ, ಬರ್ದೆ” ಎಂದು ಸ್ಲೇಟು ಎತ್ತಿ ಹಿಡಿಯುತ್ತಿದ್ದ. ನೋಡಿ ಕಳುಹಿಸಿದರೆ ಒಂದು ಗೆರೆಯನ್ನು ಅಳಿಸಿ, ಅದನ್ನೇ ಮತ್ತೆ ಬರೆದು, ಮತ್ತೆ ಬರುತ್ತಿದ್ದ. ಅವನು ತುಂಟನಲ್ಲ, ತನ್ನ ಸ್ಲೇಟಿನ ಅಂದದಲ್ಲಿ ಅವನಿಗೆ ಅಷ್ಟು ಶ್ರದ್ಧೆ. ಅವನು ಶಾಲೆಗೆ ಬಂದ ದಿನ ನಾಲ್ಕನೆಯವರ ಪದ್ಯ ಅರ್ಧಕ್ಕೇ ನಿಲ್ಲುತ್ತಿತ್ತು.

ಹಲವರು ಸೇರಿ ಬಳಸುವ ಕಂಪ್ಯೂಟರನ್ನು ಕುರಿತು ಎಲ್ಲರಿಗೂ ತಿಳಿಯುವಂತೆ ಮಾತನಾಡಬೇಕೆಂದು ನಿಲಯದ ಮಿತ್ರರು ಕೇಳಿಕೊಂಡಾಗ ನನಗೆ ಮೊದಲು ನೆನಪಾದವನು ಆ ಹುಡುಗ. ಕಂಪ್ಯೂಟರೆಂದರೆ ಒಬ್ಬೊಬ್ಬರ ಕೈಯಲ್ಲಿರುವ ವಸ್ತು ಎಂಬ ಭಾವನೆ ಇಂದು ಬಲವಾಗಿದೆ. ಆದರೆ ಕಾಲೇಜುಗಳಲ್ಲಿ, ಸಂಶೋಧನಾಲಯಗಳಲ್ಲಿ, ಒಂದು ದೊಡ್ಡ ಯಂತ್ರವನ್ನು ಕೊಂಡು ಮೂಲೆಯ ಕೋಣೆಯಲ್ಲಿರಿಸಿ, ಹತ್ತಿಪ್ಪತ್ತು ಜನ ತಮ್ಮ ತಮ್ಮ ಮೇಜುಗಳಿಂದಲೇ ಅದರ ದುಡಿಮೆಯನ್ನು ಪಡೆಯುವ ಪದ್ಧತಿ ಈಗಲೂ ಇದೆ. ಅಂಥ ಒಂದು ಯಂತ್ರದ ಮೇಲ್ವಿಚಾರಣೆ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಾನು ಗಣಿತ ಕಲಿಸುವವನು. ಕೋಣೆಯ ಬೀಗದ ಕೈ ನನ್ನ ಬಳಿ ಇದ್ದುದರಿಂದ ಕೋಣೆಯೊಳಗಿನ ಯಂತ್ರವೂ ನನ್ನದೇ ಹೊಣೆಯಾಯಿತು.

ಕೆಲವು ವರ್ಷಗಳ ಹಿಂದೆ, ಹಬ್ಬದ ರಜೆಯ ಒಂದು ಶುಕ್ರವಾರ ಬೆಳಿಗ್ಗೆ, ಕನ್ನಡ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೇ ಬಂದಳು. ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ಪುಟಪುಟವಾಗಿ ಚಿತ್ರ ತೆಗೆಸಿ, ಆ ಚಿತ್ರಗಳಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಕೆಲಸ ಅವಳದು. ಈ ಕೆಲಸಕ್ಕೆ ಟೆಸರ‍್ಯಾಕ್ಟ್ ಎಂಬ ತಂತ್ರಾಂಶವಿದೆ. ಅದು ಕನ್ನಡವನ್ನೂ ಓದುತ್ತದೆ, ಅಲ್ಲಲ್ಲಿ ಒತ್ತಕ್ಷರಗಳಲ್ಲಿ ಎಡವಿದರೂ ಓದುತ್ತದೆ. ಹದಿನೆಂಟು ಸಾವಿರ ಪುಟಗಳು. ಗುರುವಾರ ಸಂಜೆ ಆರಕ್ಕೆ ಅವಳು ಕೆಲಸ ಹಚ್ಚಿದ್ದಳು.

“ಸರ್, ರಾತ್ರಿ ಹತ್ತರ ತನಕ ಗಂಟೆಗೆ ನಾನೂರು ಪುಟ ಓದುತ್ತಿತ್ತು. ಆಮೇಲೆ ನೂರಕ್ಕೆ ಇಳಿದಿದೆ. ಹೀಗೇ ಹೋದರೆ ಇನ್ನೂ ಆರು ದಿನ ಬೇಕು. ಸೋಮವಾರ ವರದಿ ಕೊಡದಿದ್ದರೆ ನನ್ನ ಶಿಷ್ಯವೇತನ ನಿಲ್ಲುತ್ತದೆ” ಎಂದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಕಾಲೇಜಿಗೆ ಹೊರಟೆ.

ಯಂತ್ರದ ಮುಂದೆ ಕುಳಿತು ಟಾಪ್ ಎಂಬ ಆಜ್ಞೆಯನ್ನು ಕೊಟ್ಟೆ. ಯಂತ್ರದೊಳಗೆ ಆ ಗಳಿಗೆಯಲ್ಲಿ ನಡೆಯುತ್ತಿರುವ ಕೆಲಸಗಳಿಗೆ ಪ್ರಕ್ರಿಯೆಗಳೆಂದು ಹೆಸರು. ಟಾಪ್ ಅವುಗಳನ್ನು ಹಾಜರಿ ಪಟ್ಟಿಯಂತೆ ತೋರಿಸುತ್ತದೆ. ಹೆಚ್ಚು ತಿನ್ನುವವನು ಮೇಲೆ, ಕಡಿಮೆ ತಿನ್ನುವವನು ಕೆಳಗೆ. ಎಲ್ಲಕ್ಕೂ ಮೇಲಿನ ಸಾಲಿನಲ್ಲಿ ಸರತಿಯ ಉದ್ದವನ್ನು ಹೇಳುವ ಮೂರು ಅಂಕಿಗಳಿರುತ್ತವೆ: ಕಳೆದ ಒಂದು ನಿಮಿಷದ್ದು, ಐದು ನಿಮಿಷದ್ದು, ಹದಿನೈದು ನಿಮಿಷದ್ದು. ನಮ್ಮ ಯಂತ್ರಕ್ಕೆ ಇದ್ದದ್ದು ನಾಲ್ಕು ಕೋರ್, ಎಂದರೆ ನಾಲ್ವರು ಮೇಷ್ಟರು. ಸರತಿಯ ಅಂಕಿ ಹದಿನಾರರ ಆಸುಪಾಸಿನಲ್ಲಿತ್ತು. ಪಟ್ಟಿಯ ತಲೆಯಲ್ಲಿ ನಾಲ್ಕು ಪ್ರಕ್ರಿಯೆಗಳು, ಪ್ರತಿಯೊಂದೂ ಹೆಚ್ಚುಕಡಿಮೆ ಒಂದೊಂದು ಕೋರನ್ನು ಪೂರ್ತಿಯಾಗಿ ಹಿಡಿದಿದ್ದವು. ನಾಲ್ಕರಲ್ಲಿ ಒಂದು ಆ ಹುಡುಗಿಯ ಟೆಸರ‍್ಯಾಕ್ಟ್. ಉಳಿದ ಮೂರರ ಹೆಸರೂ ಒಂದೇ: ಗ್ನೋಮ್ ಶೆಲ್.

ಇಲ್ಲಿ ಕತೆಯನ್ನು ತುಸು ನಿಲ್ಲಿಸಿ, ಈ ಗ್ನೋಮ್ ಶೆಲ್ಲಿನ ಕುಲಗೋತ್ರವನ್ನು ಹೇಳಬೇಕು.

ಒಂದು ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವಿದ್ಯೆ ೧೯೬೧ರ ನವೆಂಬರಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಮೊದಲ ಬಾರಿ ಪ್ರದರ್ಶನಗೊಂಡಿತು. ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು ಅದನ್ನು ರೂಪಿಸಿದರು. ಅದಕ್ಕೆ ಮೊದಲು ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಫಲಕ್ಕಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಕಾಯಬೇಕಾಗಿತ್ತು. ಕಾರ್ಬಟೊ ಮಾಡಿದ್ದು ನಮ್ಮ ಮೇಷ್ಟರು ಮಾಡುತ್ತಿದ್ದುದನ್ನೇ: ಯಂತ್ರದ ಸಮಯವನ್ನು ಚೂರುಚೂರು ಮಾಡಿ ಸುತ್ತು ಹಂಚಿದರು. ಬೇಗ ಮುಗಿಯುವ ಕೆಲಸಗಳಿಗೆ ಮುಂದಿನ ಸಾಲು. ಬಹಳ ಹೊತ್ತು ಬೇಡುವ ಕೆಲಸಗಳು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ಇದೇ ಪರಂಪರೆಯದು. ನಮ್ಮ ಯಂತ್ರದಲ್ಲಿರುವ ಲಿನಕ್ಸ್ ಯೂನಿಕ್ಸಿನ ಜಾಡಿನಲ್ಲಿ ಬಂದದ್ದು.

ಆ ಕಾಲದ ಬಳಕೆದಾರನ ಮುಂದೆ ಇದ್ದದ್ದು ಅಕ್ಷರಗಳು ಮಾತ್ರ. ಅವನು ಒಂದು ಆಜ್ಞೆಯನ್ನು ಟೈಪು ಮಾಡುತ್ತಾನೆ, ಉತ್ತರ ಬರುತ್ತದೆ, ಅವನು ಯೋಚಿಸುತ್ತಾನೆ. ಅವನು ಯೋಚಿಸುತ್ತಿರುವಾಗ ಅವನ ಪ್ರಕ್ರಿಯೆ ನಿದ್ರೆ ಮಾಡುತ್ತದೆ. ನಿದ್ರೆಯಲ್ಲಿರುವವನಿಗೆ ಎಲೆ ಹಾಕಬೇಕಾಗಿಲ್ಲ. ಮನುಷ್ಯರು ಯೋಚಿಸಲು ತೆಗೆದುಕೊಳ್ಳುವ ಹೊತ್ತೇ ಕಾರ್ಬಟೊ ಅವರ ಪದ್ಧತಿಯ ಬಂಡವಾಳವಾಗಿತ್ತು ಎಂದರೂ ಸಲ್ಲುತ್ತದೆ.

ಚಿತ್ರಗಳ, ಕಿಟಕಿಗಳ, ಇಲಿಯಂಥ ಸಾಧನದಿಂದ ತೋರಿಸಿ ಕೆಲಸ ಮಾಡುವ ತೆರೆ ಹುಟ್ಟಿದ್ದು ಬೇರೆಯೇ ಮನೆಯಲ್ಲಿ. ೧೯೭೩ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾಲಯದಲ್ಲಿ ಆಲ್ಟೊ ಎಂಬ ಯಂತ್ರ ಸಿದ್ಧವಾಯಿತು. ಅದರ ತೆರೆಯ ಮೇಲೆ ೬೦೬ ಮತ್ತು ೮೦೮ರ ಗುಣಲಬ್ಧದಷ್ಟು, ಎಂದರೆ ಐದು ಲಕ್ಷಕ್ಕೆ ಹತ್ತಿರದಷ್ಟು ಚುಕ್ಕೆಗಳು. ಆ ತೆರೆಯನ್ನು ಬೆಳಗಿಸಿ ಇಡುವುದಕ್ಕೇ ಯಂತ್ರದ ಶಕ್ತಿಯಲ್ಲಿ ಅರ್ಧಕ್ಕೂ ಮಿಕ್ಕಿ ವೆಚ್ಚವಾಗುತ್ತಿತ್ತು. ಅದನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಆಲ್ಟೊವನ್ನು ಒಬ್ಬರಿಗೊಂದು ಎಂಬ ಲೆಕ್ಕದಲ್ಲಿ ಮಾಡಿದರು. ಚಂದದ ತೆರೆ ಬೇಕಾದರೆ ಹಂಚಿಕೊಳ್ಳುವ ಗೊಡವೆ ಬೇಡ ಎಂಬುದು ಅವರ ತೀರ್ಮಾನ. ಮುಂದೆ ೧೯೮೪ರಲ್ಲಿ ಎಂ.ಐ.ಟಿ.ಯಲ್ಲೇ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಎಕ್ಸ್ ಎಂಬ ಕಿಟಕಿ ವ್ಯವಸ್ಥೆಯನ್ನು ರೂಪಿಸಿದರು. ದೂರದ ಯಂತ್ರದಲ್ಲಿ ನಡೆಯುವ ಕೆಲಸದ ಕಿಟಕಿಗಳನ್ನು ನಮ್ಮೆದುರಿನ ತೆರೆಯ ಮೇಲೆ ಕಾಣುವುದು ಅದರಿಂದ ಸಾಧ್ಯವಾಯಿತು. ಅಲ್ಲಿಂದ ಈ ಎರಡು ಪರಂಪರೆಗಳು ಒಂದೇ ಸೂರಿನಡಿ ಬಾಳತೊಡಗಿದವು. ಒಬ್ಬನೇ ಮಗನಾಗಿ ಬೆಳೆದ ಹುಡುಗ ಹಾಸ್ಟೆಲಿಗೆ ಬಂದಂತಾಯಿತು. ಅವನಿಗೆ ಸ್ನಾನದ ಮನೆಯ ಸರತಿ ಗೊತ್ತಿಲ್ಲ.

ಗ್ನೋಮ್ ಎಂಬುದು ೧೯೯೭ರಲ್ಲಿ ಆರಂಭವಾದ, ಉಚಿತವಾಗಿ ದೊರೆಯುವ ಒಂದು ತೆರೆಯ ವ್ಯವಸ್ಥೆ. ೨೦೧೧ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಲ್ಲಿ ಈ ಶೆಲ್ ಸೇರಿಕೊಂಡಿತು. ಪ್ರತಿಯೊಂದು ಕಿಟಕಿಯನ್ನೂ ಬೇರೆ ಹಾಳೆಯ ಮೇಲೆ ಬರೆದು, ನೆರಳು, ಮಸುಕು, ಜಾರಾಟಗಳನ್ನೆಲ್ಲ ಸೇರಿಸಿ, ಕೊನೆಗೆ ಒಂದೇ ಚಿತ್ರವಾಗಿ ಜೋಡಿಸಿ ತೋರಿಸುವುದು ಅದರ ಕೆಲಸ. ಇಂದಿನ ಸಾಧಾರಣ ತೆರೆಯಲ್ಲಿ ೧೯೨೦ ಅಡ್ಡಕ್ಕೆ, ೧೦೮೦ ಉದ್ದಕ್ಕೆ, ಒಟ್ಟು ೨೦,೭೩,೬೦೦ ಚುಕ್ಕೆಗಳಿರುತ್ತವೆ. ಚಲಿಸುವ ಚಿತ್ರವಾದರೆ ಸೆಕೆಂಡಿಗೆ ೬೦ ಸಲ ಬರೆಯಬೇಕು. ಎಂದರೆ ಪ್ರತಿ ಸೆಕೆಂಡಿಗೆ ಹನ್ನೆರಡು ಕೋಟಿ ನಲವತ್ತನಾಲ್ಕು ಲಕ್ಷ ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕು. ಮನೆಯ ಕಂಪ್ಯೂಟರಿನಲ್ಲಿ ಈ ದುಡಿಮೆಗೆಂದೇ ಬೇರೆ ಚಿಪ್ಪು ಇರುತ್ತದೆ. ಅದಕ್ಕೆ ಇದು ಲೀಲೆ. ಆದರೆ ಮೂಲೆಯ ಕೋಣೆಗೆಂದು ಮಾಡಿದ ಯಂತ್ರಗಳಲ್ಲಿ ಸಾಮಾನ್ಯವಾಗಿ ಅಂಥ ಚಿಪ್ಪು ಇರುವುದಿಲ್ಲ. ಅಲ್ಲಿ ಚಿತ್ರ ಬರೆಯುವವರು ಯಾರು? ಲೆಕ್ಕ ಮಾಡಬೇಕಾದ ಪ್ರೊಸೆಸರೇ ಕುಂಚ ಹಿಡಿಯಬೇಕು. ಮೊದಮೊದಲು ಗ್ನೋಮಿನಲ್ಲಿ ಇಂಥ ಬಡ ಯಂತ್ರಗಳಿಗಾಗಿ ಒಂದು ಸರಳ ರೂಪವನ್ನು ಉಳಿಸಿದ್ದರು. ೨೦೧೩ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಈಗ ಅಂಥಲ್ಲಿ ಎಲ್‌ಎಲ್‌ವಿಎಂಪೈಪ್ ಎಂಬ ತಂತ್ರಾಂಶ ಚಿಪ್ಪಿನ ವೇಷ ಹಾಕುತ್ತದೆ. ಅದು ಬಹಳ ಚತುರ, ಬಹಳ ಪರಿಶ್ರಮಿ. ಎಷ್ಟು ಕೋರುಗಳಿದ್ದರೆ ಅಷ್ಟಕ್ಕೂ ಒಂದೊಂದು ಆಳನ್ನು ಕಳುಹಿಸಿ ಕೆಲಸ ತೆಗೆಯುತ್ತದೆ.

ಈಗ ಆ ಶುಕ್ರವಾರದ ಲೆಕ್ಕ ನಿಮಗೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮೂರು ತೆರೆಗಳು, ಪ್ರತಿ ತೆರೆಗೆ ನಾಲ್ಕು ಆಳುಗಳು: ಹನ್ನೆರಡು. ಹುಡುಗಿಯ ಓದುವ ಕೆಲಸಕ್ಕೆ ನಾಲ್ಕು ಆಳುಗಳು. ಒಟ್ಟು ಹದಿನಾರು ಜನ, ನಾಲ್ಕು ಎಲೆ. ಲಿನಕ್ಸ್ ಎಳ್ಳಷ್ಟೂ ಪಕ್ಷಪಾತವಿಲ್ಲದೆ ಹಂಚಿತ್ತು. ನಾನೂರು ಪುಟ ನೂರಾದದ್ದು ಆ ನ್ಯಾಯದಿಂದಲೇ. ಹಂಚುವವನಿಗೆ ಆಳುಗಳ ಎಣಿಕೆ ಕಾಣುತ್ತದೆ, ಅವರು ಮಾಡುವ ಕೆಲಸ ಕಾಣುವುದಿಲ್ಲ.

ಆ ತೆರೆಗಳಲ್ಲಿ ಬರೆಯುತ್ತಿದ್ದ ಚಿತ್ರವಾದರೂ ಏನು? ಆಮೇಲೆ ವಿಚಾರಿಸಿದಾಗ ತಿಳಿಯಿತು. ಇಬ್ಬರು ವಿದ್ಯಾರ್ಥಿಗಳು ಕ್ರಿಕೆಟ್ ಸ್ಕೋರಿನ ಪುಟವನ್ನು ತೆರೆದಿಟ್ಟು, ತಮ್ಮ ಲ್ಯಾಪ್‌ಟಾಪುಗಳನ್ನು ಮಡಚಿಕೊಂಡು ಊರಿಗೆ ಹೋಗಿದ್ದರು. ಮೂರನೆಯ ತೆರೆಯಲ್ಲಿ ದಿನಪತ್ರಿಕೆಯ ಪುಟ, ಅದರ ಅಂಚಿನಲ್ಲಿ ಕುಣಿಯುವ ಜಾಹೀರಾತು. ದೂರದಿಂದ ನೋಡುವ ಕಿಟಕಿಯನ್ನು ಮುಚ್ಚಿದರೆ ಯಂತ್ರದೊಳಗಿನ ತೆರೆ ಮುಚ್ಚುವುದಿಲ್ಲ. ನಾಟಕ ನೋಡುತ್ತಿದ್ದವನು ಎದ್ದು ಹೋದರೆ ರಂಗದ ಮೇಲಿನವರು ನಿಲ್ಲಿಸುತ್ತಾರೆಯೇ? ಆ ರಾತ್ರಿಯಿಡೀ ಬೀಗ ಹಾಕಿದ ಕೋಣೆಯಲ್ಲಿ, ನೋಡುವವರು ಒಬ್ಬರೂ ಇಲ್ಲದೆ, ಸೆಕೆಂಡಿಗೆ ಕೋಟಿಗಟ್ಟಲೆ ಚುಕ್ಕೆಗಳಲ್ಲಿ ಒಂದು ಸೋಪಿನ ಜಾಹೀರಾತು ಕುಣಿದಿತ್ತು.

ಇಷ್ಟೆಲ್ಲ ವಿವೇಕ ಈಗ ಹೇಳುವಾಗ ಬರುತ್ತದೆ. ಆಗ ನಾನು ಮಾಡಿದ್ದು ಬೇರೆ. ಮೊದಲು ರೀನೈಸ್ ಎಂಬ ಆಜ್ಞೆಯನ್ನು ಬಳಸಿದೆ. ಯೂನಿಕ್ಸ್ ಪರಂಪರೆಯಲ್ಲಿ ಪ್ರತಿ ಪ್ರಕ್ರಿಯೆಗೂ ಒಂದು ಸೌಜನ್ಯದ ಅಂಕಿ ಇರುತ್ತದೆ. ಅದರ ಹೆಸರೇ ನೈಸ್. ಋಣ ಇಪ್ಪತ್ತರಿಂದ ಹತ್ತೊಂಬತ್ತರವರೆಗೆ ಅದರ ವ್ಯಾಪ್ತಿ. ಅಂಕಿ ಹೆಚ್ಚಿದಷ್ಟೂ ಆ ಪ್ರಕ್ರಿಯೆ ಹೆಚ್ಚು ಸಜ್ಜನ, ಇತರರಿಗೆ ದಾರಿ ಬಿಡುತ್ತದೆ. ಸಾಮಾನ್ಯ ಬಳಕೆದಾರ ತನ್ನ ಸೌಜನ್ಯವನ್ನು ಹೆಚ್ಚಿಸಿಕೊಳ್ಳಬಹುದೇ ಹೊರತು ಮೇಲ್ವಿಚಾರಕನ ಅಧಿಕಾರವಿಲ್ಲದೆ ತಗ್ಗಿಸಿಕೊಳ್ಳಲಾರ. ಇದನ್ನು ಯೋಚಿಸಿದ ಮಹಾನುಭಾವರನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಮೆಚ್ಚಿದ್ದೇನೆ. ಸೊನ್ನೆಯಲ್ಲಿರುವ ಪ್ರಕ್ರಿಯೆಗೆ ೧೦೨೪ರ ತೂಕವಾದರೆ ಹತ್ತೊಂಬತ್ತರಲ್ಲಿರುವುದಕ್ಕೆ ಬರಿಯ ೧೫. ಹಾಗಾಗಿ ಮೂರೂ ಶೆಲ್ಲುಗಳನ್ನು ಹತ್ತೊಂಬತ್ತಕ್ಕೆ ಏರಿಸಿ, ಕೈಕಟ್ಟಿ ಕುಳಿತೆ. ಏನೂ ಆಗಲಿಲ್ಲ. ೨೦೧೧ರಲ್ಲಿ ಬಂದ ಲಿನಕ್ಸಿನ ೨.೬.೩೮ನೆಯ ಆವೃತ್ತಿಯಿಂದ, ಒಂದೊಂದು ಕೂಟದ ಪ್ರಕ್ರಿಯೆಗಳನ್ನು ಗುಂಪು ಮಾಡಿ, ಗುಂಪು ಗುಂಪಿಗೆ ಸಮಪಾಲು ಕೊಡುವ ಏರ್ಪಾಡು ಬಂದಿದೆ. ಅದು ಜಾರಿಯಲ್ಲಿರುವಲ್ಲಿ ನೈಸ್ ಅಂಕಿಯ ಬೆಲೆ ಗುಂಪಿನ ಒಳಗೆ ಮಾತ್ರ. ಮನೆಯೊಳಗೆ ತಾನು ಕಿರಿಯವನೆಂದು ತಲೆತಗ್ಗಿಸುವವನು ಊರಿನ ಪಂಕ್ತಿಯಲ್ಲಿ ಸಮನಾಗಿಯೇ ಕುಳಿತುಕೊಳ್ಳುತ್ತಾನೆ. ಇದು ನನಗೆ ಆಗ ತಿಳಿದಿರಲಿಲ್ಲ.

ಹುಡುಗಿ ಬಾಗಿಲಲ್ಲಿ ನಿಂತೇ ಇದ್ದಳು. ನನಗೆ ಅವಸರವೂ ಆಯಿತು, ತುಸು ಅಹಂಕಾರವೂ ಕೆಣಕಿತು. ಆ ಮೂರು ತೆರೆಗಳನ್ನು ಹೊತ್ತಿದ್ದ ಮೂಲ ಪ್ರಕ್ರಿಯೆಗಳನ್ನೇ ಹುಡುಕಿ, ಕಿಲ್ ಎಂಬ ಆಜ್ಞೆಯನ್ನು ಒಂಬತ್ತರ ಅಂಕಿಯೊಡನೆ ಕೊಟ್ಟೆ. ಕಿಲ್ ಆಜ್ಞೆಯಲ್ಲಿ ಬಗೆಗಳುಂಟು. ಹದಿನೈದನೆಯದು ವಿನಂತಿ: ಹೊರಡುವ ಹೊತ್ತಾಯಿತು, ನಿನ್ನ ಸಾಮಾನು ಕಟ್ಟಿಕೋ ಎಂದಂತೆ. ಒಂಬತ್ತನೆಯದು ಆ ಪ್ರಕ್ರಿಯೆಯ ಕಿವಿಗೆ ಬೀಳುವುದೇ ಇಲ್ಲ. ಯಂತ್ರದ ಒಡಲೇ ಅದನ್ನು ಅಳಿಸಿಹಾಕಿ ಅದರ ಜಾಗವನ್ನು ಹಿಂದಕ್ಕೆ ಪಡೆಯುತ್ತದೆ. ತೆರೆ ಹೋದರೆ ಆ ತೆರೆಯನ್ನು ನಂಬಿಕೊಂಡ ಕಿಟಕಿಗಳೆಲ್ಲವೂ ಹೋಗುತ್ತವೆ. ಒಂದೆರಡು ನಿಮಿಷದಲ್ಲಿ ಸರತಿಯ ಅಂಕಿ ಇಳಿಯಿತು. ಹುಡುಗಿ ಕೈಮುಗಿದು ಹೋದಳು. ಅವಳ ಪುಟಗಳು ಶನಿವಾರ ಮಧ್ಯರಾತ್ರಿಯ ಸುಮಾರಿಗೆ ಮುಗಿದವು. ಸೋಮವಾರ ವರದಿಯೂ ಸಲ್ಲಿಕೆಯಾಯಿತು.

ಅದೇ ಸೋಮವಾರ ಮಧ್ಯಾಹ್ನ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಕೋಣೆಗೆ ಬಂದರು. ಜಾನಪದ ಕಲಿಸುವವರು, ನಿವೃತ್ತಿಗೆ ಹತ್ತಿರವಿದ್ದವರು. ಮೂರನೆಯ ತೆರೆ ಅವರದು. ಹಲವು ವರ್ಷಗಳ ಹಿಂದೆ ಒಬ್ಬ ಅಜ್ಜಿಯಿಂದ ಕ್ಯಾಸೆಟ್ಟಿಗೆ ಹಾಡಿಸಿಕೊಂಡಿದ್ದ ರಾಗಿ ಬೀಸುವ ಪದಗಳನ್ನು ಅವರು ಮೇಜಿನ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು, ಒಂದೊಂದು ಸಾಲನ್ನೂ ತಿರುಗಿ ತಿರುಗಿ ಕೇಳಿ, ಟೈಪು ಮಾಡುತ್ತಿದ್ದರು. ಮೂವತ್ತೊಂದು ಹಾಡುಗಳು. ಸಾಧಾರಣ ಬರೆಹದ ಕಿಟಕಿಯೊಂದನ್ನು ತೆರೆದು ಬರೆಯುತ್ತಲೇ ಹೋಗಿದ್ದರು. ಕಡತಕ್ಕೆ ಹೆಸರಿಟ್ಟು ಉಳಿಸಿರಲಿಲ್ಲ. ತೆರೆ ಯಾವಾಗಲೂ ಹಾಗೇ ಇರುತ್ತದೆಂದು ನಾನೇ ಅವರಿಗೆ ಹಿಂದೊಮ್ಮೆ ಹೇಳಿದ್ದೆ.

“ಹೆಸರಿಡದ ಬರೆಹ ಎಲ್ಲಿರುತ್ತದೆ?” ಎಂದು ಕೇಳಿದರು. ಅದು ಆ ಪ್ರಕ್ರಿಯೆಯ ನೆನಪಿನಲ್ಲಿ ಮಾತ್ರ ಇರುತ್ತದೆ, ಪ್ರಕ್ರಿಯೆಯೊಡನೆ ಹೋಗುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ ಬಿಡಿ. ಅಜ್ಜಿ ಇಲ್ಲದಿದ್ದರೂ ಕ್ಯಾಸೆಟ್ಟು ಇದೆಯಲ್ಲ, ಮತ್ತೆ ಕೇಳುತ್ತೇನೆ” ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮತ್ತೆ ಕೇಳಿದರು. ಎರಡನೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಹಳೆಯ ಟೇಪು ಉರುಳೆಗೆ ಸುತ್ತಿಕೊಂಡು ಹರಿಯಿತು. ನಾಲ್ಕು ಹಾಡುಗಳು ಸಿಕ್ಕಲಿಲ್ಲ.

ಕೊಲ್ಲದೆ ನಿಲ್ಲಿಸುವ ಉಪಾಯವಿತ್ತು. ಅದೇ ಕಿಲ್ ಆಜ್ಞೆಗೆ ಸ್ಟಾಪ್ ಎಂಬ ಇನ್ನೊಂದು ಬಗೆ ಇದೆ. ಅದನ್ನು ಪಡೆದ ಪ್ರಕ್ರಿಯೆ ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಡುತ್ತದೆ. ನೆನಪಿನಲ್ಲಿದ್ದದ್ದು ನೆನಪಿನಲ್ಲೇ ಇರುತ್ತದೆ, ಪ್ರೊಸೆಸರಿನ ಒಂದು ಚೂರನ್ನೂ ಬೇಡುವುದಿಲ್ಲ. ಮುಂದೆ ಕಂಟಿನ್ಯೂ ಎಂಬ ಸಂಜ್ಞೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆ ಮೂರು ಶೆಲ್ಲುಗಳನ್ನೂ ಅವುಗಳನ್ನು ಕೆಣಕುತ್ತಿದ್ದ ಬ್ರೌಸರುಗಳನ್ನೂ ನಾನು ಸೋಮವಾರದವರೆಗೆ ಹೀಗೆ ಸ್ತಂಭಿಸಿಟ್ಟಿದ್ದರೆ ಸಾಕಾಗಿತ್ತು. ಹುಡುಗಿಯ ಪುಟಗಳೂ ಮುಗಿಯುತ್ತಿದ್ದವು. ಆ ಆಜ್ಞೆಯ ಹೆಸರನ್ನು ನಾನು ಓದಿರಲಿಲ್ಲವೆಂದಲ್ಲ. ಓದಿದ್ದೆ, ಆ ಬೆಳಿಗ್ಗೆ ನೆನಪಾಗಲಿಲ್ಲ.

ಈ ಘಟನೆಯನ್ನು ಕೇಳಿದ ಎಳೆಯ ಮಿತ್ರರೊಬ್ಬರು, ಹಂಚಿಕೊಂಡ ಯಂತ್ರದಲ್ಲಿ ಚಿತ್ರದ ತೆರೆಯೇ ಇರಬಾರದು, ಅದನ್ನು ತೆಗೆದುಹಾಕಿ, ಎಲ್ಲರೂ ಅಕ್ಷರದ ಆಜ್ಞೆಗಳಲ್ಲೇ ದುಡಿಯಲಿ ಎಂದರು. ಲಿನಕ್ಸಿನಲ್ಲಿ ಅದು ಒಂದು ಸಾಲಿನ ಕೆಲಸ, ಮತ್ತು ಬಲ್ಲವರು ಅನೇಕರು ಮಾಡುವುದೂ ಅದನ್ನೇ. ನಾನು ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ದುಡಿಯುವವರಿಗೆ ಆ ಮಾತು ಸಲ್ಲಬಹುದು. ಲಿನಕ್ಸಿನ ಬರಿಯ ಅಕ್ಷರದ ತೆರೆಯಲ್ಲಿ ೫೧೨ಕ್ಕಿಂತ ಹೆಚ್ಚು ಅಕ್ಷರರೂಪಗಳಿಗೆ ಎಡೆಯಿಲ್ಲ. ಇರುವುದೂ ಚೌಕಮನೆಯಲ್ಲಿ ಒಂದೊಂದನ್ನು ಕೂರಿಸುವ ವ್ಯವಸ್ಥೆ. ನಮ್ಮ ‘ಸ್ತ್ರೀ’ ಎಂಬ ಒಂದಕ್ಷರವನ್ನು ನೋಡಿ. ಸಕಾರದ ಕೆಳಗೆ ತಕಾರ, ಅದಕ್ಕೆ ರಕಾರ, ಮೇಲೆ ಈಕಾರ, ಪಕ್ಕದಲ್ಲಿ ದೀರ್ಘ. ಇದನ್ನು ಚೌಕಮನೆಯಲ್ಲಿ ಹೇಗೆ ಕೂರಿಸುತ್ತೀರಿ? ಒತ್ತು, ಗುಣಿತಗಳನ್ನು ಜೋಡಿಸಿ ಬರೆಯಲು ಚಿತ್ರದ ತೆರೆಯೇ ಬೇಕು. ಕನ್ನಡದಲ್ಲಿ ಬರೆಯುವವರಿಗೆ ಅದು ಶೋಕಿಯಲ್ಲ.

ಆದ್ದರಿಂದ ತೆರೆಯನ್ನು ಉಳಿಸಿಕೊಂಡೇ ಅದನ್ನು ಪಳಗಿಸುವ ದಾರಿ ಹುಡುಕಿದೆ. ಗ್ನೋಮಿನ ಬದಲಿಗೆ ಎಕ್ಸ್‌ಎಫ್‌ಸಿಇ ಎಂಬ ಹಗುರ ವ್ಯವಸ್ಥೆಯನ್ನು ಹಾಕಿದೆ; ಒಲಿವಿಯೆ ಫೋರ್ದಾನ್ ಎಂಬುವರು ೧೯೯೬ರಲ್ಲಿ ಆರಂಭಿಸಿದ್ದು. ಅದರಲ್ಲಿ ನೆರಳು, ಜಾರಾಟಗಳನ್ನೆಲ್ಲ ಆರಿಸಿಬಿಡಬಹುದು. ಕಿಟಕಿಗಳು ಬೋಳಾಗಿ ಕಾಣುತ್ತವೆ, ಅಕ್ಷರಗಳು ಮಾತ್ರ ಸೊಗಸಾಗಿಯೇ ಇರುತ್ತವೆ. ಗೋಡೆಯ ಚಿತ್ರದ ಬದಲು ಒಂದೇ ಬಣ್ಣ. ಇದರಿಂದಲೇ ಮುಕ್ಕಾಲು ರೋಗ ವಾಸಿಯಾಯಿತು.

ಉಳಿದ ಕಾಲಿಗೆ ಲಿನಕ್ಸಿನ ಗುಂಪು ಕಟ್ಟುವ ಏರ್ಪಾಡನ್ನೇ ಬಳಸಿದೆ. ಗೂಗಲ್ ಸಂಸ್ಥೆಯ ಇಬ್ಬರು ಎಂಜಿನಿಯರುಗಳು, ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್, ೨೦೦೬ರಲ್ಲಿ ಆರಂಭಿಸಿದ ಈ ಏರ್ಪಾಡು ೨೦೦೮ರಲ್ಲಿ ಲಿನಕ್ಸಿನೊಳಗೆ ಸೇರಿತು. ಇದರಲ್ಲಿ ಪ್ರಕ್ರಿಯೆಗಳನ್ನು ನಾವೇ ಗುಂಪು ಮಾಡಿ, ಪ್ರತಿ ಗುಂಪಿಗೂ ಮಿತಿಯನ್ನೋ ತೂಕವನ್ನೋ ಗೊತ್ತುಪಡಿಸಬಹುದು. ಮಿತಿಯೆಂದರೆ ಇಷ್ಟಕ್ಕಿಂತ ಹೆಚ್ಚು ಇಲ್ಲವೇ ಇಲ್ಲ ಎನ್ನುವುದು. ತೂಕವೆಂದರೆ ನೂಕುನುಗ್ಗಲಿದ್ದಾಗ ಇಷ್ಟು ಪಾಲು, ಬೇರೆ ಯಾರೂ ಇಲ್ಲದಿದ್ದರೆ ಎಲ್ಲವೂ ನಿನ್ನದೇ ಎನ್ನುವುದು. ನನಗೆ ತೂಕವೇ ಹಿಡಿಸಿತು. ಪಂಕ್ತಿಯಲ್ಲಿ ಒಬ್ಬನೇ ಕುಳಿತಿರುವಾಗಲೂ ಎರಡನೆಯ ಸಲ ಅನ್ನ ಬಡಿಸುವುದಿಲ್ಲವೆನ್ನುವುದು ಏನು ಔದಾರ್ಯ? ಚಿತ್ರದ ತೆರೆಗಳೆಲ್ಲವನ್ನೂ ಒಂದು ಗುಂಪಿಗೆ ಸೇರಿಸಿ ಅದಕ್ಕೆ ಇಪ್ಪತ್ತರ ತೂಕ ಕೊಟ್ಟೆ. ಲೆಕ್ಕದ ಕೆಲಸಗಳ ಗುಂಪಿಗೆ ವಾಡಿಕೆಯ ನೂರು. ಇಬ್ಬರೂ ಹಸಿದಿರುವಾಗ ತೆರೆಗಳಿಗೆ ಆರರಲ್ಲಿ ಒಂದು ಪಾಲು. ಟೈಪು ಮಾಡುವವರಿಗೆ ಅದು ಧಾರಾಳ. ಬೆರಳು ಎಷ್ಟೇ ಓಡಿದರೂ ಯಂತ್ರಕ್ಕೆ ಅದು ಆಮೆಯ ನಡಿಗೆ. ಕುಣಿಯುವ ಜಾಹೀರಾತು ಮಾತ್ರ ಸ್ವಲ್ಪ ಕುಂಟುತ್ತದೆ. ಅದಕ್ಕಾಗಿ ಯಾರೂ ಈವರೆಗೆ ದೂರು ತಂದಿಲ್ಲ.

ಇನ್ನೊಂದು ನಿಯಮವನ್ನು ಕಾಗದದ ಮೇಲೆ ಬರೆದು ಆ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಅದು ಬಳಕೆದಾರರಿಗಲ್ಲ, ನನಗೆ: ಮೊದಲು ಫೋನು ಮಾಡಿ ಕೇಳುವುದು, ಸಿಗದಿದ್ದರೆ ಸ್ತಂಭಿಸುವುದು, ಮುಚ್ಚಲೇಬೇಕಾದರೆ ಹದಿನೈದು, ಒಂಬತ್ತಕ್ಕೆ ಇನ್ನೊಬ್ಬರ ಸಹಿ. ಇನ್ನೊಬ್ಬರೆಂದರೆ ಗ್ರಂಥಪಾಲಕರು. ಅವರಿಗೆ ಲಿನಕ್ಸ್ ಗೊತ್ತಿಲ್ಲ, ಆದರೆ ಅವಸರವಿಲ್ಲ.

ಹಾಡುಗಳ ಪುಸ್ತಕ ಅಚ್ಚಾಗಿ ಬಂದಿದೆ. ಅದರಲ್ಲಿ ಇಪ್ಪತ್ತೇಳು ಹಾಡುಗಳಿವೆ. ಆ ಮೇಡಂ ನಿವೃತ್ತರಾದ ಮೇಲೂ ಮನೆಯಿಂದಲೇ 

ನಮ್ಮ ಯಂತ್ರದ ತೆರೆಯಲ್ಲಿ ಬರೆಯುತ್ತಿದ್ದಾರೆ. ಈಗ ಒಗಟುಗಳ ಸಂಗ್ರಹ ನಡೆದಿದೆ. ಸಂಜೆ ಏಳರ ಸುಮಾರಿಗೆ ಅವರಿಂದ ಫೋನು ಬರುತ್ತದೆ.

“ಹೆಸರಿಟ್ಟು ಉಳಿಸಿದ್ದೇನೆ. ಇನ್ನು ನೀವು ಏನು ಬೇಕಾದರೂ ಮಾಡಿಕೊಳ್ಳಿ.”